ಒದ್ದೆ ಬೆರಳು, ದಪ್ಪ ಅಕ್ಷರ, ಸಣ್ಣ ಸ್ಕ್ರೀನು

ಮೂಡಿಗೆರೆ, ಸಕಲೇಶಪುರದ ಕಡೆ ಮಳೆ ಹಿಡಿಯಿತೆಂದರೆ ಫೋನುಗಳು ತಮಗೆ ತಾವೇ ಏನೇನೋ ಒತ್ತಿಕೊಳ್ಳಲು ಶುರು ಮಾಡುತ್ತವೆ. ತೋಟದಲ್ಲಿ ನಿಂತು ಕೆಲಸದವರ ಹಾಜರಿ ಹಾಕಲು ಹೋದರೆ ಒಂದು ಹೆಸರು ಒತ್ತಿದ್ದಕ್ಕೆ ಇನ್ನೊಂದಕ್ಕೆ ಟಿಕ್ ಬೀಳುತ್ತದೆ. ಫೋನು ಕೆಟ್ಟಿತು ಅಂತ ಅಂಗಡಿಗೆ ಹೊತ್ತುಕೊಂಡು ಹೋಗುವವರೂ ಇದ್ದಾರೆ. ಅಲ್ಲಿಗೆ ಹೋಗುವಷ್ಟರಲ್ಲಿ ಒಣಗಿ ಸರಿಯಾಗಿರುತ್ತದೆ, ಅದು ಬೇರೆ ಮಾತು.

ಗಾಜಿನ ಕೆಳಗೆ ಕಣ್ಣಿಗೆ ಕಾಣದಷ್ಟು ತೆಳುವಾದ ಗೆರೆಗಳ ಬಲೆ ಇರುತ್ತದೆ. ಸಾಮಾನ್ಯವಾಗಿ ಇಂಡಿಯಂ ಟಿನ್ ಆಕ್ಸೈಡ್ ಎಂಬ ವಸ್ತುವಿನದು. ಬೆರಳು ಹತ್ತಿರ ಬಂದರೆ ಅಲ್ಲಿನ ವಿದ್ಯುತ್ ಕ್ಷೇತ್ರ ಒಂಚೂರು ಬದಲಾಗುತ್ತದೆ, ಎಲ್ಲಿ ಬದಲಾಯಿತು ಅನ್ನುವುದನ್ನು ಒಂದು ಚಿಪ್ ಸೆಕೆಂಡಿಗೆ ಹತ್ತಾರು ಸಲ ಅಳೆದು, ಇಲ್ಲಿ ಒತ್ತಿದರು ಅಂತ ತೀರ್ಮಾನ ಮಾಡುತ್ತದೆ. ಮಳೆನೀರು ಬಿದ್ದರೂ ಆ ಕ್ಷೇತ್ರ ಬದಲಾಗುತ್ತದೆ. ದಪ್ಪ ಹನಿಯೊಂದು ಬೆರಳಿನ ಹಾಗೇ ಕಾಣಬಹುದು. ಬೆರಳೇ ಒದ್ದೆಯಾಗಿದ್ದರೆ ನೀರು ಹರಡಿ, ಮುಟ್ಟಿದ ಜಾಗ ದೊಡ್ಡದಾಗಿ, ಅದರ ನಡುಬಿಂದು ಎತ್ತಲೋ ಸರಿದುಹೋಗುತ್ತದೆ.

ಆ್ಯಪ್ ಮಾಡುವವರು ಇದನ್ನು ತಡೆಯಲಾರರು. ಆದರೆ ನಾವು ನೋಡುವ, ಒತ್ತುವ ಭಾಗ ಇದೆಯಲ್ಲ, ಇಂಟರ್‌ಫೇಸ್ ಅನ್ನುತ್ತಾರೆ, ಅದು ಅವರ ಕೈಯಲ್ಲೇ ಇದೆ. ಬಟನ್ ದೊಡ್ಡದು ಮಾಡಬಹುದು. ನಡುವೆ ಜಾಗ ಬಿಡಬಹುದು. ‘ಉಳಿಸಿ’ ಪಕ್ಕದಲ್ಲೇ ‘ಅಳಿಸಿ’ ಇಡದೆ ಇರಬಹುದು. ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ಫಿಟ್ಸ್ 1954ರಲ್ಲೇ, ಅಂದರೆ ಟಚ್ ಸ್ಕ್ರೀನು ಹುಟ್ಟುವ ಮೊದಲೇ, ಜನರ ಕೈಗೆ ಕಡ್ಡಿ ಕೊಟ್ಟು ಎರಡು ಲೋಹದ ಪಟ್ಟಿಗಳನ್ನು ಒಂದಾದ ಮೇಲೊಂದು ಮುಟ್ಟಿಸಿ ಲೆಕ್ಕ ಹಾಕಿದ್ದ. ಗುರಿ ದೂರವಾದಷ್ಟೂ, ಸಣ್ಣದಾದಷ್ಟೂ ಮುಟ್ಟಲು ಜಾಸ್ತಿ ಹೊತ್ತು ಬೇಕು. ಬಟನ್ ತೀರಾ ಸಣ್ಣದಾಗಬಾರದು ಅಂತಲೇ ಆಂಡ್ರಾಯ್ಡ್ ಕನಿಷ್ಠ 48 ಡಿಪಿ ಇರಲಿ ಎನ್ನುತ್ತದೆ, ಆ್ಯಪಲ್ 44 ಪಾಯಿಂಟ್ ಇರಲಿ ಎನ್ನುತ್ತದೆ (ಡಿಪಿ, ಪಾಯಿಂಟ್ ಎರಡೂ ಸ್ಕ್ರೀನಿನ ಮೇಲಿನ ಅಳತೆಗಳು). ಅವು ಬೆಚ್ಚಗೆ ಕೂತ, ಒಣ ಬೆರಳಿನವರಿಗೆ ಹೇಳಿದ ಕನಿಷ್ಠ ಅಳತೆ. ಮಲೆನಾಡಿಗೆ ಇನ್ನೂ ಸ್ವಲ್ಪ ಧಾರಾಳವಾಗಿ ಕೊಡಬೇಕು.

ಬೇರೆ ಬೇರೆ ಸಾಧನಕ್ಕೆ ಹೊಂದಿಕೊಳ್ಳುವ ವಿನ್ಯಾಸ ಅಂದ ಕೂಡಲೇ ಎಲ್ಲರೂ ಮೊದಲು ಹೇಳುವುದು ಸ್ಕ್ರೀನಿನ ಅಗಲದ ಕತೆ. ನನ್ನ ಪ್ರಕಾರ ಅದು ಇರುವುದರಲ್ಲಿ ಸುಲಭದ ಭಾಗ, ಹೆಚ್ಚುಕಮ್ಮಿ ಮುಗಿದಿದೆ. 2007ರಲ್ಲಿ ಬಂದ ಮೊದಲ ಐಫೋನಿನ ಅಗಲ 320 ಪಿಕ್ಸೆಲ್, ಅಂದರೆ ಪರದೆಯ ಮೇಲಿನ ಚುಕ್ಕಿ. ಆಗಿನ ವೆಬ್‌ಸೈಟುಗಳೆಲ್ಲ ಕಂಪ್ಯೂಟರಿಗೆಂದೇ ಮಾಡಿದ್ದವು. ಹಾಗಾಗಿ ಅದರ ಬ್ರೌಸರು ನಾನು 980 ಪಿಕ್ಸೆಲ್ ಅಗಲ ಇದ್ದೇನೆ ಅಂತ ಸುಳ್ಳು ಹೇಳಿ ಇಡೀ ಪುಟ ತರಿಸಿಕೊಂಡು, ಕುಗ್ಗಿಸಿ ತೋರಿಸುತ್ತಿತ್ತು. ಓದಬೇಕೆಂದರೆ ಎರಡು ಬೆರಳಿನಲ್ಲಿ ಹಿಗ್ಗಿಸಬೇಕು, ಸಾಲು ಮುಗಿಸಲು ಪಕ್ಕಕ್ಕೆ ಎಳೆಯಬೇಕು. 2010ರ ಮೇ ತಿಂಗಳಲ್ಲಿ ಈಥನ್ ಮಾರ್ಕಾಟ್ ಎಂಬ ವಿನ್ಯಾಸಕಾರ ಒಂದು ಲೇಖನ ಬರೆದು, ಮೊಬೈಲಿಗೊಂದು ಕಂಪ್ಯೂಟರಿಗೊಂದು ಪುಟ ಯಾಕೆ, ಒಂದೇ ಪುಟ ಜಾಗ ನೋಡಿಕೊಂಡು ಹರಡಿಕೊಳ್ಳಲಿ ಎಂದ. ಅಳತೆಗಳನ್ನು ಪಿಕ್ಸೆಲ್ ಬದಲು ಶೇಕಡಾವಾರು ಇಡಿ, ಚಿತ್ರಗಳು ಕುಗ್ಗಲಿ, ಅಗಲ ಇಷ್ಟಕ್ಕಿಂತ ಕಮ್ಮಿಯಾದರೆ ಮೂರು ಕಾಲಂ ಒಂದಾಗಲಿ. ಇಷ್ಟೇ. ಇವತ್ತು ಎಲ್ಲರೂ ಮಾಡುವುದು ಅದನ್ನೇ.

ಇದರಿಂದ ಇನ್ನೊಂದು ಉಪಯೋಗವೂ ಆಯಿತು. ಕಣ್ಣು ಮಂಜಾದವರು ಕಂಪ್ಯೂಟರಿನಲ್ಲಿ ಪುಟವನ್ನು ನಾಲ್ಕು ಪಟ್ಟು ಹಿಗ್ಗಿಸಿ ಓದುತ್ತಾರೆ. 1280 ಪಿಕ್ಸೆಲ್ ಅಗಲದ ಪರದೆಯನ್ನು ನಾಲ್ಕು ಪಟ್ಟು ಹಿಗ್ಗಿಸಿದರೆ ಪುಟಕ್ಕೆ ಉಳಿಯುವ ಅಗಲ 320. ಅಂದರೆ ಸಣ್ಣ ಫೋನಿನಷ್ಟೇ! 2018ರ ಅಂತರರಾಷ್ಟ್ರೀಯ ವೆಬ್ ನಿಯಮಗಳು, ಈ 320ರ ಅಗಲದಲ್ಲಿ ಪಕ್ಕಕ್ಕೆ ಎಳೆಯದೆ ಓದಲು ಬರಬೇಕು ಎನ್ನುವುದು ಇದಕ್ಕೇ. ಫೋನಿಗೆ ಸರಿಮಾಡಿದ ಪುಟ ಅಜ್ಜನ ಕಂಪ್ಯೂಟರಿಗೂ ಸರಿಹೋಗುತ್ತದೆ.

ಸರಿಹೋಗದೆ ಇರುವುದು ಕನ್ನಡದಲ್ಲಿ. ಇಂಗ್ಲಿಷ್ ಅಕ್ಷರಗಳ ಲೆಕ್ಕದಲ್ಲಿ ಬಟನ್ನಿನ ಎತ್ತರ ಗಟ್ಟಿ ಮಾಡಿಟ್ಟರೆ ನಮ್ಮ ಒತ್ತಕ್ಷರಗಳ ಕಾಲು ಕತ್ತರಿಸಿ ಹೋಗುತ್ತದೆ. ಕ್ಕ, ಳ್ಳ, ಷ್ಟ್ರ ಎಲ್ಲ ಸಾಲಿನ ಕೆಳಗೆ ಇಳಿಯುವಂಥವು, ಅವಕ್ಕೆ ಜಾಗ ಬೇಕು. ಊರಿನ ಹೆಸರಿನ ಪಟ್ಟಿಯಲ್ಲಿ ‘ಚಿಕ್ಕಮಗಳೂರು’ ಹೋಗಿ ‘ಚಿಕಮಗಳೂರು’ ಆಗಿರುತ್ತದೆ, ಅದನ್ನು ಯಾರೂ ತಪ್ಪು ಟೈಪ್ ಮಾಡಿರುವುದಿಲ್ಲ. ಅಗಲದ್ದೂ ಇದೇ ಗೋಳು. ‘ಓಕೆ’ ಹಿಡಿಸುವ ಬಟನ್ನಿನಲ್ಲಿ ‘ಮುಂದುವರಿಸಿ’ ಹಿಡಿಸುವುದಿಲ್ಲ, ‘ಮುಂದುವ’ ಆದ ಮೇಲೆ ಮೂರು ಚುಕ್ಕಿ. ಲೆಕ್ಕದಲ್ಲೂ ಎಡವಟ್ಟು ಉಂಟು. ನಮ್ಮ ಕಣ್ಣಿಗೆ ಚಿಕ್ಕಮಗಳೂರು ಆರು ಅಕ್ಷರ. ಕಂಪ್ಯೂಟರು ಅಕ್ಷರಗಳನ್ನು ಗುರುತಿಸುವ ಪದ್ಧತಿಯಾದ ಯೂನಿಕೋಡ್ ಗುಣಿತದ ಚಿಹ್ನೆ, ಅರ್ಧಾಕ್ಷರದ ಚಿಹ್ನೆ ಎಲ್ಲವನ್ನೂ ಬೇರೆ ಬೇರೆ ಎಣಿಸುತ್ತದೆ, ಅದಕ್ಕೆ ಇದು ಹನ್ನೊಂದು. ವಿಳಾಸ ಇಪ್ಪತ್ತು ಅಕ್ಷರ ಮೀರಬಾರದು ಅಂತ ಮಿತಿ ಹಾಕಿದ ಫಾರಂ ಕನ್ನಡದವನಿಗೆ ಸುಮ್ನೆ ಅರ್ಧ ಜಾಗ ಕಿತ್ತುಕೊಂಡಂತೆ, ಅಲ್ವಾ? ಪರಿಹಾರ ದೊಡ್ಡದೇನಲ್ಲ. ಡಬ್ಬಿಯ ಅಳತೆಯನ್ನು ಮೊದಲೇ ನಿಗದಿ ಮಾಡದೆ, ಒಳಗಿನ ಪದ ಎಷ್ಟು ಜಾಗ ಕೇಳುತ್ತದೋ ಅಷ್ಟು ಬೆಳೆಯಲು ಬಿಟ್ಟರಾಯಿತು.

ಬಿಸಿಲಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಜನವರಿಯಲ್ಲಿ ಕಾಫಿ ಒಣಗಿಸುವ ಕಣದಲ್ಲಿ ನಿಂತರೆ ಗಾಜಿನ ಮೇಲೆ ಬಿದ್ದ ಬೆಳಕು ಕಪ್ಪಿಗೂ ಸೇರುತ್ತದೆ, ಬಿಳುಪಿಗೂ ಸೇರುತ್ತದೆ, ಎರಡರ ನಡುವಿನ ಅಂತರ ಕರಗುತ್ತದೆ. ಬಿಳಿ ಮೇಲೆ ತಿಳಿಬೂದು ಅಕ್ಷರ ಆಫೀಸಿನ ಎ.ಸಿ. ರೂಮಿನಲ್ಲಿ ಚೆಂದ. ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನ ಅನುಪಾತ ಕನಿಷ್ಠ 4.5:1 ಇರಬೇಕು ಅನ್ನುವ ನಿಯಮ ಇದೆ, ಪಾಲಿಸುವವರು ಕಮ್ಮಿ. ಕಾಫಿ ರೇಟು ಏರಿದ್ದು ಹಸಿರು, ಇಳಿದದ್ದು ಕೆಂಪು ಅಂತ ಬರೀ ಬಣ್ಣದಲ್ಲಿ ತೋರಿಸುವುದೂ ತಪ್ಪು. ಈ ಎರಡು ಬಣ್ಣ ಬೇರೆ ಮಾಡಲಾಗದ ಗಂಡಸರು ನಾವಂದುಕೊಂಡದ್ದಕ್ಕಿಂತ ಜಾಸ್ತಿ ಇದ್ದಾರೆ. ಪಕ್ಕಕ್ಕೆ ಒಂದು ಬಾಣದ ಗುರುತು ಹಾಕಿದರೆ ಸಾಕು.

ಇಷ್ಟೆಲ್ಲ ಆದ ಮೇಲೂ ಉಳಿಯುವುದು ಬಳಸುವ ಮನುಷ್ಯ. ಕಾಫಿ ಬೆಳೆಗಾರರ ಮನೆಯಲ್ಲಿ ಮಳೆ ಅಳೆಯುವ ಡಬ್ಬಿ ಇರುತ್ತದೆ, ಕಾಫಿ ಹೂ ಅರಳಿಸುವ ಹೂಮಳೆಯಿಂದ ಹಿಡಿದು ಎಲ್ಲದರ ಲೆಕ್ಕ ಡೈರಿಯಲ್ಲಿ. ಲೆಕ್ಕ ಇಂಚು, ಸೆಂಟಿನಲ್ಲಿ. ನೂರು ಸೆಂಟು ಸೇರಿದರೆ ಒಂದಿಂಚು. ‘ನಿಮ್ಮಲ್ಲಿ ಎಷ್ಟಾಯ್ತು?’ ಎಂದರೆ ‘ಎರಡಿಂಚು ನಲವತ್ತು ಸೆಂಟು’ ಎನ್ನುತ್ತಾರೆ. ಹವಾಮಾನದ ಆ್ಯಪ್ ಅದನ್ನೇ 61 ಮಿಲಿಮೀಟರ್ ಎನ್ನುತ್ತದೆ. ರೇಟಿನದ್ದೂ ಹಾಗೇ, ಇಲ್ಲಿ ವ್ಯಾಪಾರ 50 ಕೆಜಿ ಮೂಟೆಗೆ, ನ್ಯೂಯಾರ್ಕಿನ ಮಾರುಕಟ್ಟೆಯಲ್ಲಿ ಅರೇಬಿಕಾ ಕಾಫಿ ಪೌಂಡಿಗೆ ಇಷ್ಟು ಅಮೆರಿಕನ್ ಸೆಂಟ್, ಲಂಡನ್ನಿನದರಲ್ಲಿ ರೊಬಸ್ಟಾ ಕಾಫಿ ಟನ್ನಿಗೆ ಇಷ್ಟು ಡಾಲರ್. ಗುಣಾಕಾರ ಮಾಡುವ ಕೆಲಸ ಯಾರದು, ಬೆಳೆಗಾರನದೋ ಫೋನಿನದೋ?

ಹಾಗಂತ ಫೋನೇ ಎಲ್ಲ ಊಹಿಸಿಕೊಂಡು ಬದಲಾಗಲಿ ಎಂದರೆ ಅದೂ ಕಷ್ಟ. ಮೈಕ್ರೋಸಾಫ್ಟ್ ಆಫೀಸ್ 2000ದಲ್ಲಿ ಮೆನುಗಳು, ನೀವು ಬಳಸದೆ ಬಿಟ್ಟದ್ದನ್ನು ತಾವೇ ಬಚ್ಚಿಡುತ್ತಿದ್ದವು. ಸಹಾಯ ಮಾಡಲೆಂದೇ ಮಾಡಿದ್ದು, ಜನ ಬೈದುಕೊಂಡರು. ಹಾಸನ ಬಸ್ ಸ್ಟ್ಯಾಂಡಿನಲ್ಲಿ ಬೇಲೂರು ಬಸ್ಸು ದಿನಾ ಬೇರೆ ಬೇರೆ ಕಡೆ ನಿಂತರೆ ಹೇಗಿರುತ್ತದೆ, ಹಾಗೆ. 2004ರಲ್ಲಿ ಕೆನಡಾದ ಲೇಯಾ ಫಿಂಡ್ಲೇಟರ್ ಮತ್ತು ಜೊಆನಾ ಮ್ಯಾಗ್ರೆನೆರ್ ಪ್ರಯೋಗ ಮಾಡಿ ನೋಡಿದಾಗ, ತಾನಾಗಿ ಬದಲಾಗುವ ಮೆನುವಿಗಿಂತ ಅಲುಗಾಡದ ಮೆನುವಿನಲ್ಲೇ ಕೆಲಸ ಬೇಗ ಆಯಿತು. ಕೈಗೆ ಜಾಗ ಅಭ್ಯಾಸವಾಗಿರುತ್ತದೆ, ಕಣ್ಣು ಹುಡುಕಬೇಕಿಲ್ಲ.

ಆದರೆ ಕ್ರಿಸ್ಟೋಫ್ ಗಾಯೋಸ್ ಎಂಬ ಸಂಶೋಧಕ ಅಮೆರಿಕದಲ್ಲಿ ಮಾಡಿದ ಸಪಲ್ ಎಂಬ ವ್ಯವಸ್ಥೆ ಗೆದ್ದಿತು. ಕೈ ನಡುಗುವವರು, ಸ್ನಾಯು ಬಲ ಕಮ್ಮಿ ಇರುವವರು ಎಷ್ಟು ದೂರ, ಎಷ್ಟು ಸಣ್ಣದನ್ನು ಒತ್ತಬಲ್ಲರು ಅಂತ ಮೊದಲೇ ಅಳೆದು, ಅವರವರಿಗೆ ತಕ್ಕ ಇಂಟರ್‌ಫೇಸನ್ನು ಅದೇ ಕಟ್ಟಿಕೊಡುತ್ತಿತ್ತು. ಕೆಲಸ ಸುಮಾರು ಶೇ. 26ರಷ್ಟು ಬೇಗ ಆಯಿತು, ತಪ್ಪುಗಳು ಶೇ. 73ರಷ್ಟು ಕಮ್ಮಿಯಾದವು. ನನಗೆ ಕಾಣುವ ವ್ಯತ್ಯಾಸ ಇದು: ಸಪಲ್ ಒಂದು ಸಲ ಅಳತೆ ತಗೊಂಡು ಹೊಲಿದು ಕೊಟ್ಟಿತು, ಆಫೀಸಿನ ಮೆನು ಹಾಕಿಕೊಂಡ ಅಂಗಿಯನ್ನೇ ದಿನಾ ಬಿಚ್ಚಿ ಹೊಲಿಯುತ್ತಿತ್ತು. ಆ್ಯಪ್ ಮೊದಲ ಸಲ ತೆರೆದಾಗ ಇಂಚೋ ಮಿಲಿಮೀಟರೋ, ಮೂಟೆಯೋ ಟನ್ನೋ ಅಂತ ಕೇಳಲಿ. ಅಕ್ಷರದ ಗಾತ್ರ, ಬಣ್ಣ ಹೇಗಿರಬೇಕು ಅಂತ ಕೇಳುವುದೂ ಬೇಡ, ಅದನ್ನು ನಾವು ಫೋನಿಗೆ ಆಗಲೇ ಹೇಳಿಟ್ಟಿರುತ್ತೇವೆ.

ಹೇಳಿದ್ದನ್ನು ಕೇಳಿಸಿಕೊಳ್ಳುತ್ತದೋ ಇಲ್ಲವೋ ನೋಡುವುದು ಸುಲಭ. ಆಂಡ್ರಾಯ್ಡ್ 14ರಿಂದ ಅಕ್ಷರವನ್ನು ಎರಡು ಪಟ್ಟಿನವರೆಗೆ ದೊಡ್ಡದು ಮಾಡಬಹುದು. ಸೆಟ್ಟಿಂಗ್ಸ್‌ಗೆ ಹೋಗಿ ಪೂರ್ತಿ ದೊಡ್ಡದು ಮಾಡಿ, ಭಾಷೆ ಕನ್ನಡಕ್ಕೆ ಬದಲಿಸಿ, ದಿನಾ ಬಳಸುವ ಆ್ಯಪ್ ತೆರೆಯಿರಿ. ‘ಮುಂದುವರಿಸಿ’ ಬಟನ್ ಸ್ಕ್ರೀನಿನಿಂದ ಆಚೆ ಹೋಗಿದ್ದರೆ ಸ್ಕ್ರೀನ್‌ಶಾಟ್ ತೆಗೆದು ಅದನ್ನು ಮಾಡಿದವರಿಗೇ ಕಳಿಸಿ.