ರಾತ್ರಿ ಗದ್ದೆಗೆ ಟಾರ್ಚ್: ಡಬ್ಬದ ಮೇಲಿನ ‘2 ಕಿಲೋಮೀಟರ್’ ನಂಬಬಹುದೇ?

ಪ್ರಶ್ನೆ: ನಮ್ಮದು ಮಂಡ್ಯ ತಾಲ್ಲೂಕು. ನಾಲೆಯ ಕೊನೆ ಭಾಗ, ಬೋರ್‌ವೆಲ್ಲೇ ಗತಿ. ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದಾಗ ಕಬ್ಬಿಗೆ ನೀರು ಕಟ್ಟಲು ಹೋಗಬೇಕು, ಚಿರತೆ ಭಯವೂ ಇದೆ. 2 ಕಿಲೋಮೀಟರ್ ಬೆಳಕು ಬೀಳುತ್ತದೆ ಎನ್ನುವ ಚಾರ್ಜ್ ಮಾಡುವ ಟಾರ್ಚ್ 700 ರೂಪಾಯಿಗೆ ಸಿಗುತ್ತಿದೆ. ತಗೊಳ್ಳಬಹುದಾ? ಇಲ್ಲವಾದರೆ 2,000 ರೂಪಾಯಿಯೊಳಗೆ ಎಂಥದ್ದು ನೋಡಬೇಕು?

ಉತ್ತರ: ಅದನ್ನು ಬಿಡಿ. ಬೆಲೆ ಕಮ್ಮಿ ಅಂತಲ್ಲ. 2 ಕಿಲೋಮೀಟರ್ ಎಂದು ಬರೆದವರು ಒಳಗಿನ ಬ್ಯಾಟರಿಯ ಬಗ್ಗೆಯೂ ಅಷ್ಟೇ ಧಾರಾಳವಾಗಿ ಬರೆದಿರುತ್ತಾರೆ.

ಟಾರ್ಚಿನ ದೂರಕ್ಕೆ ಒಂದು ಒಪ್ಪಿತ ಲೆಕ್ಕವಿದೆ. ಬೆಳಕು 0.25 ಲಕ್ಸ್‌ಗೆ (ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ), ಅಂದರೆ ಹೆಚ್ಚುಕಮ್ಮಿ ಹುಣ್ಣಿಮೆ ಬೆಳದಿಂಗಳಿನಷ್ಟಕ್ಕೆ ಇಳಿಯುವ ಜಾಗವೇ ಅದರ ‘ದೂರ’. ಬೆಳಕು ಎಷ್ಟು ಒತ್ತಾಗಿದೆ ಎಂದು ಹೇಳುವ ಕ್ಯಾಂಡೆಲಾ ಸಂಖ್ಯೆಯ ವರ್ಗಮೂಲ ತೆಗೆದು ಎರಡರಿಂದ ಗುಣಿಸಿದರೆ ಮೀಟರ್ ಸಿಗುತ್ತದೆ. 40,000 ಕ್ಯಾಂಡೆಲಾ ಇದ್ದರೆ 400 ಮೀಟರ್. 2 ಕಿಲೋಮೀಟರ್ ಬೇಕಾದರೆ 10 ಲಕ್ಷ ಕ್ಯಾಂಡೆಲಾ ಬೇಕು; ಅಂಥ ಎಲ್‌ಇಡಿ ಟಾರ್ಚಿನ ಬುರುಡೆ (ಗಾಜಿರುವ ಮುಂಭಾಗ) ಸಾಮಾನ್ಯವಾಗಿ ಅಂಗೈಗಿಂತ ಅಗಲ, ಬೆಲೆಯೂ ನಿಮ್ಮ ಬಜೆಟ್ಟಿನ ಹತ್ತಿರ ಸುಳಿಯುವುದಿಲ್ಲ.

400 ಮೀಟರ್ ಎಂಬುದು ನಿಜವೇ ಆದರೂ ಅಷ್ಟು ದೂರದಲ್ಲಿ ಏನೋ ಇದೆ ಎನ್ನುವುದಷ್ಟೇ ಗೊತ್ತಾಗುತ್ತದೆ. ಬದುವಿನ ಮೇಲೆ ನಿಂತಿರುವುದು ನಾಯಿಯೋ ಚಿರತೆಯೋ ಎಂದು ಗುರುತು ಹಿಡಿಯಲು ಅದರ ಕಾಲು ಭಾಗವನ್ನೇ ಲೆಕ್ಕಕ್ಕೆ ಹಿಡಿಯಿರಿ. ದೂರ ಕಾಲು ಭಾಗಕ್ಕೆ ಇಳಿದರೆ ಬೆಳಕು ಹದಿನಾರು ಪಟ್ಟು ಏರುತ್ತದೆ: 100 ಮೀಟರಿನಲ್ಲಿ 4 ಲಕ್ಸ್. ನಿಮ್ಮ ಕೆಲಸಕ್ಕೆ ಅಷ್ಟು ಸಾಕು. ಆಳೆತ್ತರ ಮೀರಿ ಬೆಳೆದ ಕಬ್ಬಿನೊಳಕ್ಕೆ ಎಂಥ ಟಾರ್ಚ್ ಬಿಟ್ಟರೂ ಬೆಳಕು ನಾಲ್ಕೈದು ಸಾಲು ದಾಟುವುದಿಲ್ಲ. ದೂರದ ಬೆಳಕು ಉಪಯೋಗಕ್ಕೆ ಬರುವುದು ಗಾಡಿದಾರಿ, ನಾಲೆ ಏರಿ, ಭತ್ತದ ಬಯಲಿನಲ್ಲಿ ಮಾತ್ರ.

ಡಬ್ಬದ ಮೇಲೆ ದಪ್ಪಕ್ಷರದಲ್ಲಿರುವ ಲ್ಯೂಮೆನ್, ಒಟ್ಟು ಹೊರಬರುವ ಬೆಳಕು. ದೂರ ಹೋಗುವುದನ್ನು ನಿರ್ಧರಿಸುವುದು ಕ್ಯಾಂಡೆಲಾ, ಅಂದರೆ ಆ ಬೆಳಕು ಒಂದೇ ದಿಕ್ಕಿಗೆ ಎಷ್ಟು ಒತ್ತಾಗಿ ಹೋಗುತ್ತದೆ ಎಂಬುದು. ಒಂದೇ ಸಣ್ಣ ಎಲ್‌ಇಡಿ, ಅದರ ಸುತ್ತ ಆಳವಾದ ನುಣುಪು ರಿಫ್ಲೆಕ್ಟರ್ ಇದ್ದರೆ ದೂರ ಹೊಡೆಯುತ್ತದೆ. ಹತ್ತಾರು ಎಲ್‌ಇಡಿ ಸಾಲಾಗಿ ಜೋಡಿಸಿದ್ದು ಅಂಗಳಕ್ಕೆ ಚೆನ್ನ, ದೂರಕ್ಕಲ್ಲ.

ಹಾವಿನ ಮಾತು ಬೇರೆ. ಚಿರತೆಯ ಕಣ್ಣಿಗೆ ಬೆಳಕು ಬಿದ್ದರೆ ಹೊಳೆಯುತ್ತದೆ. ಟಾರ್ಚನ್ನು ನಿಮ್ಮ ಕಣ್ಣಿನ ಮಟ್ಟಕ್ಕೆ ಹಿಡಿದರೆ ಆ ಹೊಳಪು ದೂರದಿಂದಲೇ ಕಾಣುತ್ತದೆ. ಹಾವಿನ ಕಣ್ಣು ಹಾಗೆ ಹೊಳೆಯುವುದಿಲ್ಲ. ಕೊಳಕುಮಂಡಲ ಒಣ ಸೋಗೆಯ ಬಣ್ಣದಲ್ಲೇ ಬಿದ್ದಿರುತ್ತದೆ. ಅದಕ್ಕೆ ಬೇಕಾದದ್ದು ಕಾಲ ಬುಡದಲ್ಲಿ ಹರಡಿ ಬೀಳುವ 100–200 ಲ್ಯೂಮೆನ್. ಹಾಗಾಗಿ ಬೆಳಕನ್ನು ಒಂದು ಚೌಕಕ್ಕೆ ಹಿಂಡುವ ಜೂಮ್ ಟಾರ್ಚಿಗಿಂತ, ನಡುವೆ ಗಟ್ಟಿ ಬೆಳಕು, ಸುತ್ತ ತೆಳು ಬೆಳಕು ಎರಡೂ ಕೊಡುವ ರಿಫ್ಲೆಕ್ಟರ್ ಟಾರ್ಚೇ ಮೇಲು. ಜೂಮ್ ಮಾಡುವ ಜಾಗದಲ್ಲಿ ಮಳೆ ನೀರು ಒಳಗಿಳಿಯುವುದೂ ಇದ್ದದ್ದೇ. ಕೈಯಲ್ಲಿ ಗುದ್ದಲಿ ಹಿಡಿಯುವವರು ಒಂದು ಅಗ್ಗದ ತಲೆಗೆ ಕಟ್ಟುವ ಲೈಟನ್ನೂ ಇಟ್ಟುಕೊಂಡರೆ ಎರಡು ಕೈಯೂ ಬಿಡುವಾಗುತ್ತವೆ.

ಈಗ ಬ್ಯಾಟರಿ. ಮೋಸ ಹೆಚ್ಚು ನಡೆಯುವುದು ಇಲ್ಲೇ. 18650 ಎಂಬ ಲಿಥಿಯಂ ಸೆಲ್ 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ ಇರುತ್ತದೆ. ಒಳ್ಳೆಯ ಸೆಲ್ಲಿನಲ್ಲಿ ಹಿಡಿಯುವುದು ಹೆಚ್ಚೆಂದರೆ 3,500 ಎಂಎಎಚ್ ಆಸುಪಾಸು. 9,800 ಎಂದು ಅಚ್ಚಾಗಿದ್ದರೆ ಕಣ್ಣುಮುಚ್ಚಿ ವಾಪಸ್ ಕೊಡಿ. ಸಂಶಯವಿದ್ದರೆ ತೂಕ ಹಾಕಿಸಿ: ಸರಿಯಾದ ಸೆಲ್ ಸುಮಾರು 45ರಿಂದ 48 ಗ್ರಾಂ ಬರುತ್ತದೆ. 30ರ ಆಸುಪಾಸು ಬಂದರೆ ಒಳಗೆ ಸರಕಿಲ್ಲ. 21700 ಎಂಬುದು ಅದಕ್ಕಿಂತ ತುಸು ದೊಡ್ಡದು, 4,000–5,000 ಎಂಎಎಚ್. ಸೆಲ್ಲಿನ ಮೇಲೆ ಐಎಸ್ 16046 (ಬ್ಯಾಟರಿ ಸುರಕ್ಷತೆಯ ಭಾರತೀಯ ಮಾನದಂಡ) ಮತ್ತು ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯಾ ನೋಡಿ.

ಒಂದು 3,500ರ ಸೆಲ್ಲಿನಲ್ಲಿರುವುದು 12–13 ವಾಟ್‌ಅವರ್, ಅಂದರೆ ಒಂದು ವಾಟಿನಂತೆ 12–13 ಗಂಟೆಗೆ ಸಾಕಾಗುವಷ್ಟು. ಒಂದು ವಾಟಿಗೆ ಸುಮಾರು 100 ಲ್ಯೂಮೆನ್ ಹಿಡಿದರೂ 1,000 ಲ್ಯೂಮೆನ್ ಟಾರ್ಚ್ ಪೂರ್ತಿ ಬೆಳಕಿನಲ್ಲಿ ಒಂದೂಕಾಲು ಗಂಟೆ ಉರಿದೀತು. ಕೆಲವು ಡಬ್ಬಗಳ ಮೇಲಿನ ‘20,000 ಲ್ಯೂಮೆನ್, 8 ಗಂಟೆ’ ಎಲ್ಲಿಂದ ಬಂತೋ ಬರೆದವರೇ ಹೇಳಬೇಕು. ಒಳ್ಳೆಯ ಕಂಪನಿಯ ‘ಇಷ್ಟು ಗಂಟೆ’ಯಲ್ಲೂ ಒಂದು ಸೂಕ್ಷ್ಮವಿದೆ: ಬೆಳಕು ಶುರುವಿನ ಹತ್ತನೇ ಒಂದು ಭಾಗಕ್ಕೆ ಇಳಿಯುವವರೆಗಿನ ಸಮಯ ಅದು. ಬಿಸಿ ತಡೆಯಲು ಟಾರ್ಚೇ ಎರಡು ಮೂರು ನಿಮಿಷದಲ್ಲಿ ಬೆಳಕನ್ನು ಇಳಿಸುತ್ತದೆ, ಅದು ದೋಷವಲ್ಲ.

ಹಳೆಯ ದಪ್ಪ ಪ್ಲಾಸ್ಟಿಕ್ ಟಾರ್ಚುಗಳಲ್ಲಿ ಇರುವುದು 4 ವೋಲ್ಟ್ ಲೆಡ್ ಆಸಿಡ್ ಬ್ಯಾಟರಿ. ಪೂರ್ತಿ ಇಳಿದು ಮೂಲೆಯಲ್ಲಿ ಬಿದ್ದರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಮತ್ತೆ ಚಾರ್ಜ್ ಹಿಡಿಯುವುದಿಲ್ಲ. ಎರಡು ಪಿನ್ ನೇರ ಗೋಡೆಗೆ ಚುಚ್ಚುವ ಅಗ್ಗದವುಗಳಲ್ಲಿ ಟ್ರಾನ್ಸ್‌ಫಾರ್ಮರ್ ಇರದೆ, ಬಿರುಕು ಬಿಟ್ಟ ಕಡೆ ಮುಟ್ಟಿದರೆ ಶಾಕ್ ಹೊಡೆಯುವುದೂ ಉಂಟು. ಚಾರ್ಜಿಗೆ ಹಾಕಿದಾಗ ಒದ್ದೆ ಕೈಯಲ್ಲಿ ಮುಟ್ಟಬೇಡಿ.

ನಿಮ್ಮ ಬಜೆಟ್ಟಿಗೆ ಹೀಗೆ ಕೇಳಿ: ಒಂದೇ 18650 ಅಥವಾ 21700 ಸೆಲ್, ಅದನ್ನು ಬಿಚ್ಚಿ ಬದಲಿಸಲು ಬರಬೇಕು, ಬುರುಡೆ 40–50 ಮಿ.ಮೀ.; 20,000ರಿಂದ 40,000 ಕ್ಯಾಂಡೆಲಾ; ಕಡಿಮೆ ಬೆಳಕಿನ ಮೋಡ್; ನೀರು ತಡೆಯುವ ಗುರುತು ಮಳೆಗೆ ಐಪಿಎಕ್ಸ್4, ನಾಲೆಗೆ ಬಿದ್ದರೂ ಉಳಿಯಬೇಕೆಂದರೆ ಐಪಿಎಕ್ಸ್7. ಚಳಿಗಾಲದ ಮಂಜಿನಲ್ಲಿ ಪೂರ್ತಿ ಬೆಳಕು ಬಿಟ್ಟರೆ ಕಣ್ಣ ಮುಂದೆ ಬಿಳಿ ಪರದೆಯೇ ಎದ್ದು ನಿಲ್ಲುತ್ತದೆ, ಆಗ ಕಡಿಮೆ ಮೋಡೇ ದಾರಿ ತೋರಿಸುವುದು.

ಮಂಡ್ಯದ ಪೇಟೆಬೀದಿಯಲ್ಲೋ ಮೈಸೂರಿನ ಶಿವರಾಂಪೇಟೆಯಲ್ಲೋ ಕೊಳ್ಳುವಾಗ ಕ್ಯಾಂಡೆಲಾ ಬರೆದಿರದಿದ್ದರೆ ಮೊಬೈಲಿನಲ್ಲಿ ಲಕ್ಸ್ ಆ್ಯಪ್ ಹಾಕಿ, ಕತ್ತಲಲ್ಲಿ 10 ಮೀಟರ್ ದೂರದಿಂದ ಸೆನ್ಸರಿಗೆ ನೇರ ಬಿಡಿ. ಬಂದ ಸಂಖ್ಯೆಯನ್ನು 100ರಿಂದ ಗುಣಿಸಿದರೆ ಕ್ಯಾಂಡೆಲಾ. 300 ಲಕ್ಸ್ ಬಂದರೆ 30,000, ದೂರ ಸುಮಾರು 346 ಮೀಟರ್. ಮೊಬೈಲ್ ಸೆನ್ಸರ್ ಕರಾರುವಾಕ್ಕಲ್ಲ, ಎರಡು ಟಾರ್ಚ್ ಹೋಲಿಸಲು ಸಾಕು. ಅಂಗಡಿಯವರು ಒಂದು ದಿನದ ಮಟ್ಟಿಗೆ ವಾಪಸ್ ಒಪ್ಪಿದರೆ ಊರ ಹೊರಗೆ ಲೈಟುಕಂಬದ ಸಾಲಿನ ಕೆಳಗೆ ನಿಂತು ನೋಡಿ: ಕಂಬದಿಂದ ಕಂಬಕ್ಕೆ ಸಾಮಾನ್ಯವಾಗಿ 40–60 ಮೀಟರ್. ನಿಮ್ಮ ಪಕ್ಕದ್ದನ್ನು ಬಿಟ್ಟು ಎರಡನೆಯ ಕಂಬದ ಬುಡ ಸ್ಪಷ್ಟವಾಗಿ ಕಂಡರೆ ಕೆಲಸಕ್ಕೆ ಬರುವ ಟಾರ್ಚ್.

ಚಾರ್ಜ್ ಆಗುತ್ತಿಲ್ಲ ಎಂಬ ದೂರಿನಲ್ಲಿ ಟಾರ್ಚ್ ಕೆಟ್ಟಿರುವುದಕ್ಕಿಂತ ಕೇಬಲ್ ತಪ್ಪಿರುವ ಸಾಧ್ಯತೆಯನ್ನು ಮೊದಲು ನೋಡಿ. ಅಗ್ಗದ ಟೈಪ್-ಸಿ ಟಾರ್ಚುಗಳು ಎರಡೂ ತುದಿ ಸಿ ಇರುವ ಕೇಬಲ್ಲಿಗೆ ಓಗೊಡುವುದಿಲ್ಲ. ಒಂದು ತುದಿ ಹಳೆಯ ಚಪ್ಪಟೆ ಯುಎಸ್‌ಬಿ ಇರುವ ಕೇಬಲ್ ಹಾಕಿದರೆ ಹಿಡಿಯುತ್ತದೆ. ಟಾರ್ಚಿನೊಳಗೆ ನೀರು ಹೋಗದಂತೆ ತಡೆಯುವ ರಬ್ಬರ್ ವಾಷರಿಗೆ ಕೊಬ್ಬರಿ ಎಣ್ಣೆ ಸವರಬೇಡಿ, ಸಿಲಿಕೋನ್ ಗ್ರೀಸ್ ಸಾಕು. ಚೀಲದಲ್ಲಿ ಇಡುವಾಗ ಹಿಂದಿನ ಮುಚ್ಚಳವನ್ನು ಕಾಲು ಸುತ್ತು ಸಡಿಲಿಸಿದರೆ ಬಹುತೇಕ ಲೋಹದ ಟಾರ್ಚುಗಳು ತಾವಾಗಿ ಹೊತ್ತಿಕೊಳ್ಳುವುದಿಲ್ಲ. ಇನ್ನೊಂದು ಸೆಲ್ ಜತೆಗಿಟ್ಟುಕೊಳ್ಳುವುದಾದರೆ ಪ್ಲಾಸ್ಟಿಕ್ ಡಬ್ಬಿಯಲ್ಲೇ ಇಡಿ. ಜೇಬಿನಲ್ಲಿ ಬೀಗದ ಕೈ, ಚಿಲ್ಲರೆ ತಾಗಿದರೆ ಶಾರ್ಟ್ ಆಗಿ ಬೆಂಕಿ ಹೊತ್ತಿಕೊಳ್ಳಬಹುದು.