ಫಿಲ್ಟರ್ ಬದಲಾದರೂ ರೋಬೊ ಗೋಡೆಗೇ ಹೋಗುವುದೇಕೆ?

ಬಳ್ಳಾರಿಯಲ್ಲಿ ಎಂಜಿನಿಯರಿಂಗ್ ಓದುವ ಹುಡುಗರ ರೋಬೊ ಬೆಳಿಗ್ಗೆ ಕಾರಿಡಾರಿನಲ್ಲಿ ನೆಟ್ಟಗೆ ಓಡುತ್ತದೆ, ಮಧ್ಯಾಹ್ನ ಅದೇ ಕಾರಿಡಾರಿನಲ್ಲಿ ಗೋಡೆಗೆ ಗುದ್ದುತ್ತದೆ. ಯಾಕಪ್ಪಾ ಎಂದರೆ, "ಫಿಲ್ಟರ್ ಬದ್ಲಿ ಮಾಡ್ಬೇಕ್ರಿ ಸರ್" ಎನ್ನುತ್ತಾರೆ. ಫಿಲ್ಟರ್ ಎಂದರೆ ಸೆನ್ಸರ್‌ಗಳ ಅಂಕಿಗಳನ್ನು ಬೆರೆಸಿ ರೋಬೊದ ಮುಖ ಎತ್ತ ಇದೆಯೆಂದು ಲೆಕ್ಕ ಹಾಕುವ ಕೋಡ್. ಅದನ್ನು ಆಗಲೇ ಮೂರು ಸಲ ಬದಲಿಸಿಯಾಗಿದೆ.

ದಿಕ್ಕು ತಪ್ಪುವ ಈ ತೊಂದರೆ ರೋಬೊಗಿಂತ ಹಳೆಯದು. ಕಬ್ಬಿಣದ ಹಡಗುಗಳು ಬಂದಾಗ ದಿಕ್ಸೂಚಿ ದಾರಿ ತಪ್ಪಿಸತೊಡಗಿತು. 1838ರಲ್ಲಿ ಇಂಗ್ಲೆಂಡಿನ ಖಗೋಳ ವಿಜ್ಞಾನಿ ಜಾರ್ಜ್ ಏರಿ ದಿಕ್ಸೂಚಿಯ ಪಕ್ಕ ಅಯಸ್ಕಾಂತ, ಕಬ್ಬಿಣದ ತುಂಡು ಇಟ್ಟು ಅದನ್ನು ಹದಕ್ಕೆ ತಂದ. 1852ರಲ್ಲಿ ಫ್ರಾನ್ಸಿನ ವಿಜ್ಞಾನಿ ಫೂಕೊ, ತಿರುಗುವಿಕೆಯನ್ನು ಪತ್ತೆ ಹಚ್ಚುವ ಗೈರೊಸ್ಕೋಪ್ (ಗೈರೊ) ತೋರಿಸಿದ. 1960ರಲ್ಲಿ ಬಂದ ಕಾಲ್ಮನ್ ಫಿಲ್ಟರ್ ಅಪೊಲೊ ನೌಕೆಗಳಲ್ಲಿ ಕೆಲಸ ಮಾಡಿತು. ಆಮೇಲೆ ಸೆನ್ಸರ್ ಉಗುರಿನಷ್ಟು ಚಿಪ್‌ನೊಳಗೆ ಇಳಿಯಿತು. ಅಂಥ ಅಗ್ಗದ ಚಿಪ್‌ಗೆ ಹೊಂದುವ ಹಗುರ ಫಿಲ್ಟರ್ ಲೆಕ್ಕವನ್ನು 2008ರಲ್ಲಿ ಮಹೊನಿ, 2010ರಲ್ಲಿ ಮ್ಯಾಜ್ವಿಕ್ ಎಂಬ ಸಂಶೋಧಕರು ಕೊಟ್ಟರು.

ಗೋಜಲು ಹೆಚ್ಚಿದ್ದು ಇಲ್ಲಿಂದಲೇ. ಚಿಪ್‌ನ ಗೈರೊ ಸುಮ್ಮನೆ ಇಟ್ಟರೂ ತಾನು ತಿರುಗುತ್ತಿದ್ದೇನೆ ಎನ್ನುತ್ತದೆ. ಸೆಕೆಂಡಿಗೆ 0.1 ಡಿಗ್ರಿ ತಪ್ಪಿದರೂ ನಿಮಿಷಕ್ಕೆ 6 ಡಿಗ್ರಿ, ಕಾಲು ಗಂಟೆಗೆ 90. ಆಗ ನೆಟ್ಟಗೆ ಹೋಗುತ್ತಿರುವ ರೋಬೊ ತಾನು ಪಕ್ಕಕ್ಕೆ ಹೊರಳಿದ್ದೇನೆಂದು ನಂಬಿ ಎದುರು ಬದಿಗೆ ತಿರುಗುತ್ತದೆ. ಈ ತಪ್ಪು ತಾಪಮಾನದೊಂದಿಗೆ ಜರುಗುತ್ತದೆ: ಬೆಳಗಿನ ತಂಪಿನಲ್ಲಿ ಅಳೆದಿಟ್ಟ ಅಂಕಿ ಮಧ್ಯಾಹ್ನದ 40 ಡಿಗ್ರಿ ಬಿಸಿಲಿಗೆ ನಡೆಯದು. (ಬಳ್ಳಾರಿಯ ಬಿಸಿಲಿಗೆ ಮನುಷ್ಯರೇ ತಲೆ ತಿರುಗಿ ಬೀಳುತ್ತಾರೆ, ಬಿಡಿ.)

ಆಕ್ಸೆಲೆರೊಮೀಟರ್ ಗುರುತ್ವ ನೋಡಿ ವಾಲಿಕೆ ಹೇಳೀತು. ಮುಖ ಎತ್ತ ಕಡೆ ಎಂಬುದು ಅದಕ್ಕೆ ತಿಳಿಯದು. ಆದ್ದರಿಂದ ಮತ್ತೆ ದಿಕ್ಸೂಚಿ (ಈ ಸಲ ಅಂಕಿ ಕೊಡುವ ಚಿಪ್‌ನದು), ಮತ್ತೆ ಕಬ್ಬಿಣ. ಸರಿಯಾದ ದಿಕ್ಸೂಚಿಯನ್ನು ಒಂದು ಸುತ್ತು ತಿರುಗಿಸಿ ಅಂಕಿಗಳನ್ನು ಗುರುತು ಹಾಕಿದರೆ ವೃತ್ತ ಮೂಡಬೇಕು. ರೋಬೊದ ಮೋಟಾರಿನ ಅಯಸ್ಕಾಂತ ಆ ವೃತ್ತದ ನಡುವನ್ನೇ ಸರಿಸುತ್ತದೆ. ಚೌಕಟ್ಟಿನ ಕಬ್ಬಿಣ ವೃತ್ತವನ್ನು ಮೊಟ್ಟೆಯಾಗಿ ಹಿಗ್ಗಿಸುತ್ತದೆ. ಇವೆರಡೂ ರೋಬೊ ಜೊತೆಗೇ ಸಾಗುವುದರಿಂದ ಒಮ್ಮೆ ಅಳೆದು ಕಳೆಯಬಹುದು. ಈ ಅರ್ಧ ಗಂಟೆಯ ಕೂಲಿ ಯಾರಿಗೂ ಬೇಡ. ಹೊಸ ಫಿಲ್ಟರ್ ಇಳಿಸಿಕೊಳ್ಳುವುದು ಸಲೀಸು.

ನೆಲದಡಿಯ ಕಬ್ಬಿಣದ ಸರಳು, ಪಕ್ಕದ ಕಬ್ಬಿಣದ ಬೀರು ಮಾತ್ರ ಹಾಗಲ್ಲ, ಹೆಜ್ಜೆಗೊಂದು ತಪ್ಪು ಕೊಡುತ್ತವೆ. ನಮ್ಮ ಕಡೆ ಭೂಮಿಯ ಕಾಂತಕ್ಷೇತ್ರ ಸುಮಾರು 40 ಮೈಕ್ರೊಟೆಸ್ಲಾ. ದಿಕ್ಸೂಚಿಯ ಅಂಕಿ ಅದರಿಂದ ತೀರಾ ದೂರ ಹೋದಾಗಲೆಲ್ಲ ಅದರ ಮಾತು ಬದಿಗಿಟ್ಟು, ಬೀರು ದಾಟುವವರೆಗೆ ಗೈರೊವನ್ನೇ ನಂಬಿ ಓಡಿಸಬೇಕು. ಎರಡು ಸಾಲಿನ ಕೋಡ್ ಅದು.