ದೆವ್ವಕ್ಕೂ ತೂಕ ಬೇಕು

1937ರಲ್ಲಿ ಮುಂಬಯಿಯಲ್ಲಿ ತಯಾರಾದ 'ಖ್ವಾಬ್ ಕಿ ದುನಿಯಾ' ಎಂಬ ಹಿಂದಿ ಚಿತ್ರದಲ್ಲಿ ಸಾಮಾನುಗಳು ತಾವಾಗಿಯೇ ಗಾಳಿಯಲ್ಲಿ ಓಡಾಡುತ್ತಿದ್ದವು. ಕಣ್ಣಿಗೆ ಕಾಣದ ಮನುಷ್ಯನೊಬ್ಬ ಅವನ್ನೆಲ್ಲ ಎತ್ತಿ ಒಯ್ಯುತ್ತಾನೆ ಎಂಬುದು ಕಥೆ. ಈ ಚಮತ್ಕಾರ ಮಾಡಿದ ಬಾಬುಭಾಯಿ ಮಿಸ್ತ್ರಿ ಬಳಸಿದ್ದು ಕಪ್ಪು ದಾರ. ಅಷ್ಟೇ. ಚಿತ್ರರಂಗದವರು ಅವರಿಗೆ 'ಕಾಲಾ ಧಾಗಾ' ಎಂದೇ ಅಡ್ಡಹೆಸರಿಟ್ಟರು.

ದಾರ ಸಣ್ಣದಿದ್ದರೆ ಕಾಣುವುದಿಲ್ಲ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಕಣ್ಣು ಅಷ್ಟು ದಡ್ಡ ಅಲ್ಲ. ಅಕ್ಕಪಕ್ಕದ ಎರಡು ಚುಕ್ಕೆಗಳನ್ನು ಬೇರೆ ಬೇರೆ ಎಂದು ಗುರುತಿಸಲು ಅವುಗಳ ನಡುವೆ ಒಂದು ಡಿಗ್ರಿಯ 60ನೇ ಒಂದು ಭಾಗದಷ್ಟು ಅಂತರ ಬೇಕು, ನಿಜ. ಆದರೆ ಬೆಳಕಿನ ಎದುರು ಒಂದೇ ಒಂದು ಉದ್ದನೆಯ ಕಪ್ಪು ಗೆರೆ ಇದ್ದರೆ ಲೆಕ್ಕವೇ ಬೇರೆ. ಒಂದು ಡಿಗ್ರಿಯ 3600ನೇ ಒಂದು ಭಾಗಕ್ಕಿಂತ ತೆಳುವಾದ ಗೆರೆಯೂ ಕಣ್ಣಿಗೆ ಬೀಳುತ್ತದೆ ಎಂದು 1939ರಲ್ಲಿ ಹೆಕ್ಟ್ ಮತ್ತು ಮಿಂಟ್ಜ್ ಎಂಬ ವಿಜ್ಞಾನಿಗಳು ತೋರಿಸಿದರು. ಒಂದು ಮಿಲಿಮೀಟರ್ ದಪ್ಪದ ತಂತಿ 200 ಮೀಟರ್ ದೂರದಿಂದಲೂ ಬೆಳ್ಳಗಿನ ಆಕಾಶದ ಎದುರು ಕಾಣುತ್ತದೆ ಎಂದಾಯಿತು. ಮೀನು ಹಿಡಿಯುವ ನೈಲಾನ್ ದಾರವಂತೂ ಬೆಳಕು ಬಿದ್ದು ನಾಟಕದ ಹತ್ತನೇ ಸಾಲಿನಲ್ಲಿ ಕೂತವರಿಗೂ ಫಳಫಳ ಹೊಳೆಯುತ್ತದೆ. ದಾರ ಅಡಗಬೇಕಾದರೆ ಸಣ್ಣದಾಗುವುದಕ್ಕಿಂತ ಹಿನ್ನೆಲೆಯ ಬಣ್ಣಕ್ಕೆ ಸೇರಿಹೋಗುವುದು ಮುಖ್ಯ. ಕಪ್ಪಿನ ಮುಂದೆ ಕಪ್ಪು, ಬೂದಿಯ ಮುಂದೆ ಬೂದಿ.

ಹಾಗಂತ ದಾರ ಕಂಡರೆ ಆಟ ಕೆಟ್ಟಿತು ಅಂತಲ್ಲ. ಕುಂದಾಪುರದ ಹತ್ತಿರದ ಉಪ್ಪಿನಕುದ್ರುವಿನ ಯಕ್ಷಗಾನ ಗೊಂಬೆಯಾಟದಲ್ಲಿ ದಾರ ಕಾಣುತ್ತದೆ. ಗೋವಾದ ಗಡಿಗೆ ಹತ್ತಿರದ ಪಿಂಗುಳಿಯಲ್ಲಿ ಠಾಕರ್ ಸಮುದಾಯದವರು ಆಡಿಸುವ ಕಳಸೂತ್ರಿ ಗೊಂಬೆಗಳಲ್ಲೂ ಕಾಣುತ್ತದೆ. ಐದು ನಿಮಿಷ ಕಳೆದರೆ ಯಾರಿಗೂ ಅದು ನೆನಪಿರುವುದಿಲ್ಲ. ಅಗ್ಗದ ಭೂತದ ಚಿತ್ರ, ಅಗ್ಗದ ಅನ್ಯಗ್ರಹದ ಚಿತ್ರ ನೋಡಿ ನಾವು ಗೊಳ್ಳೆಂದು ನಗುವುದು ಬೇರೆ ಕಾರಣಕ್ಕೆ. ಆ ಚಿತ್ರಗಳ ಗೊಂಬೆಗೆ ತೂಕ ಇರುವುದಿಲ್ಲ.

ತಕ್ಕಡಿಯಲ್ಲಿ ಇಟ್ಟರೆ ಬರುವ ತೂಕದ ಮಾತಲ್ಲ ಇದು. ಮನುಷ್ಯ ನಡೆಯುವಾಗ ಪ್ರತಿ ಹೆಜ್ಜೆಗೂ ಮೈಯ ಭಾರ ಒಂದು ಕಾಲಿನಿಂದ ಇನ್ನೊಂದಕ್ಕೆ ದಾಟುತ್ತದೆ. ಮಂಡಿ ಸ್ವಲ್ಪ ಬಗ್ಗುತ್ತದೆ, ಸೊಂಟ ಒಂದು ಕಡೆಗೆ ವಾಲುತ್ತದೆ. ದಾರದ ಗೊಂಬೆಗೆ ಭಾರ ಹೊರುವ ಕೆಲಸವೇ ಇಲ್ಲ. ಅದನ್ನು ಮೇಲಿನಿಂದ ಯಾರೋ ಹೊತ್ತಿದ್ದಾರೆ. ಅದರ ಕಾಲು ಲೋಲಕದ ಹಾಗೆ ಸುಮ್ನೆ ತೂಗುತ್ತದೆ. ಲೋಲಕದ ವೇಗ ಅದರ ಉದ್ದವನ್ನು ನೆಚ್ಚಿಕೊಂಡಿರುತ್ತದೆ: ಒಂದು ಮೀಟರ್ ಉದ್ದದ್ದು ಹೋಗಿ ಬರಲು 2 ಸೆಕೆಂಡ್, 25 ಸೆಂಟಿಮೀಟರಿನದ್ದು 1 ಸೆಕೆಂಡ್. ಹಾಗಾಗಿ ಗಿಡ್ಡ ಗೊಂಬೆಯ ಕಾಲು ಯಾವಾಗಲೂ ಅವಸರದಲ್ಲಿರುತ್ತದೆ. ಎಷ್ಟೇ ಘೋರ ಮುಖ ಬರೆದರೂ ಲೋಕಲ್ ಟ್ರೈನ್ ಹಿಡಿಯಲು ಓಡುವವರ ಹಾಗೆ ಕಾಣುತ್ತದೆ.

1965ರಲ್ಲಿ ಶುರುವಾದ ಬ್ರಿಟಿಷ್ ಟೀವಿ ಸರಣಿ 'ಥಂಡರ್‌ಬರ್ಡ್ಸ್' ಈ ಕಷ್ಟವನ್ನು ಜಾಣತನದಿಂದ ದಾಟಿತು. ಪೂರ್ತಿ ಗೊಂಬೆಗಳದ್ದೇ ಸರಣಿ, ಕಥೆ ಮುಂದಿನ ಶತಮಾನದ್ದು. ಗೊಂಬೆ ಹಿಡಿದ ತಂತಿಯಲ್ಲೇ ವಿದ್ಯುತ್ತನ್ನೂ ಹರಿಸಿ, ರೆಕಾರ್ಡ್ ಮಾಡಿದ ಮಾತಿಗೆ ತಕ್ಕಂತೆ ತಲೆಯೊಳಗಿನ ಸೊಲೆನಾಯ್ಡ್ (ವಿದ್ಯುತ್ ಹರಿದಾಗ ಕಬ್ಬಿಣದ ಕಡ್ಡಿಯನ್ನು ಎಳೆಯುವ ತಂತಿಯ ಸುರುಳಿ) ತುಟಿ ಅಲ್ಲಾಡಿಸುವ ಏರ್ಪಾಡು ಮಾಡಿದ್ದರು. ಆ ಸೊಲೆನಾಯ್ಡಿಗೆ ಜಾಗ ಬೇಕಲ್ವಾ? ಅದಕ್ಕೇ ತಲೆಗಳು ಮೈಯ ಅಳತೆಗೆ ಮೀರಿದಷ್ಟು ದಪ್ಪ. ಮಾತೇನೋ ಸರಿಹೋಯಿತು, ನಡಿಗೆ ಮಾತ್ರ ಬಗೆಹರಿಯಲಿಲ್ಲ. ಆದ್ದರಿಂದ ಪಾತ್ರಗಳನ್ನು ಆದಷ್ಟು ಕೂರಿಸಿಯೇ ಇಟ್ಟರು. ವಿಮಾನದಲ್ಲಿ, ಜಲಾಂತರ್ಗಾಮಿಯಲ್ಲಿ, ಜಾರುವ ಕುರ್ಚಿಯಲ್ಲಿ. ಆ ಸರಣಿಯಲ್ಲಿ ಅಷ್ಟೊಂದು ವಾಹನಗಳಿರುವುದಕ್ಕೆ ಗೊಂಬೆಯ ಕಾಲೂ ಒಂದು ಕಾರಣ. 1967ರ ಮುಂದಿನ ಸರಣಿಯಲ್ಲಿ ಯಂತ್ರವನ್ನು ಎದೆಗೆ ಇಳಿಸಿ ತಲೆಯನ್ನು ಮನುಷ್ಯರ ಅಳತೆಗೆ ತಂದರು. ನನ್ನ ಮಟ್ಟಿಗೆ ಅದು ಹಿನ್ನಡೆ. ಮುಖ ಮನುಷ್ಯನದ್ದು, ನಡಿಗೆ ಮರದ್ದು. ಮೊದಲು ಕಾಣದಿದ್ದ ಕೊರತೆ ಈಗ ಎದ್ದು ಕಾಣುತ್ತದೆ.

ಉಪ್ಪಿನಕುದ್ರುವಿನವರು ಇದಕ್ಕೆ ಕಂಡುಕೊಂಡ ದಾರಿಯನ್ನು ನಾನು ಬಹಳ ಮೆಚ್ಚುತ್ತೇನೆ. ಗೊಂಬೆಯ ಕಾಲು ನೆಲಕ್ಕೆ ತಾಗುವ ಗಳಿಗೆಗೆ ಸರಿಯಾಗಿ ಚೆಂಡೆಯ ಪೆಟ್ಟು ಬೀಳುತ್ತದೆ. ಕಣ್ಣಿಗೆ ಹಗುರಾದ ಹೆಜ್ಜೆ, ಕಿವಿಗೆ ಭಾರವಾದದ್ದು. ಎರಡೂ ಒಂದೇ ಹೊತ್ತಿಗೆ ಬಂದರೆ ಮಿದುಳು ಒಂದೇ ಘಟನೆ ಎಂದು ಜೋಡಿಸಿಕೊಳ್ಳುತ್ತದೆ. ರಕ್ಕಸನ ಹೆಜ್ಜೆಗೆ ತೂಕ ಬರುವುದು ಚೆಂಡೆಯವರ ಕೈಯಿಂದ.

ದೊಡ್ಡ ಪ್ರಾಣಿಯನ್ನು ಚಿಕ್ಕ ಗೊಂಬೆಯಲ್ಲಿ ತೋರಿಸಲು ಹೊರಟರೆ ಗುರುತ್ವವೇ ಚಾಡಿ ಹೇಳುತ್ತದೆ. 15 ಮೀಟರ್ ಎತ್ತರದ ಕಟ್ಟಡದಿಂದ ಕಲ್ಲು ಬಿದ್ದರೆ ನೆಲ ಮುಟ್ಟಲು ಸುಮಾರು 1.75 ಸೆಕೆಂಡ್ ಬೇಕು. ಅದರ ಹತ್ತರಲ್ಲೊಂದು ಅಳತೆಯ ಥರ್ಮೋಕೋಲ್ ಮಾದರಿಯಿಂದ, ಅಂದರೆ 1.5 ಮೀಟರಿನಿಂದ ಬಿದ್ದರೆ 0.55 ಸೆಕೆಂಡ್ ಸಾಕು. ಎತ್ತರ 10 ಪಟ್ಟು ಕಡಿಮೆಯಾದರೆ ಸಮಯ ಅದರ ವರ್ಗಮೂಲದಷ್ಟು, ಸುಮಾರು 3.2 ಪಟ್ಟು ಮಾತ್ರ ಕಡಿಮೆಯಾಗುತ್ತದೆ. ನಮಗೆ ಈ ಸೂತ್ರ ಗೊತ್ತಿರಬೇಕಿಲ್ಲ. ದಿನವೂ ವಸ್ತು ಬೀಳುವುದನ್ನು ನೋಡಿ ನೋಡಿ ಕಣ್ಣು ಅದನ್ನು ಕಲಿತಿರುತ್ತದೆ. ಬೇಗ ಬಿದ್ದರೆ 'ಇದು ಆಟಿಕೆ' ಎಂದು ಹೇಳಿಬಿಡುತ್ತದೆ.

ಇದಕ್ಕೆ ಮದ್ದು, ಕ್ಯಾಮೆರಾವನ್ನು ವೇಗವಾಗಿ ಓಡಿಸಿ ನಿಧಾನವಾಗಿ ತೋರಿಸುವುದು. 1954ರ ಜಪಾನಿ ಚಿತ್ರ 'ಗಾಡ್ಜಿಲ್ಲಾ'ದಲ್ಲಿ ಪ್ರಾಣಿಯ ಎತ್ತರ 50 ಮೀಟರ್, ಊರಿನ ಮಾದರಿ 25ರಲ್ಲೊಂದು ಅಳತೆಯದ್ದು. ರಬ್ಬರಿನ ಭಾರದ ವೇಷದೊಳಗೆ ನಟನೊಬ್ಬ ಬೆವರುತ್ತ ನಡೆಯುತ್ತಿದ್ದ. 25ರ ವರ್ಗಮೂಲ 5. ಲೆಕ್ಕದ ಪ್ರಕಾರ ಸೆಕೆಂಡಿಗೆ 24ರ ಬದಲು 120 ಚಿತ್ರ ತೆಗೆದರೆ ಬೀಳುವ ಗೋಡೆ ಸರಿಯಾದ ವೇಗಕ್ಕೆ ಬರುತ್ತದೆ. ಹಿಂದೆ ಇದಕ್ಕೆ ವಿಶೇಷ ಕ್ಯಾಮೆರಾ, ರಾಶಿ ರಾಶಿ ಫಿಲ್ಮು ಬೇಕಾಗಿತ್ತು. ಈಗ ಎಷ್ಟೋ ಮೊಬೈಲ್ ಫೋನುಗಳಲ್ಲಿ ಸೆಕೆಂಡಿಗೆ 240 ಚಿತ್ರದ ಸ್ಲೋ ಮೋಷನ್ ಬರುತ್ತದೆ. 100ರಲ್ಲೊಂದು ಅಳತೆಯ ಮಾದರಿಗೂ ಅದು ಸಾಕು. ಅಂಧೇರಿಯ ಒಂದು ಕೋಣೆಯಲ್ಲಿ ಕೂತು ಗಿರ್‌ಗಾಂವ್ ಚೌಪಾಟಿಯನ್ನು ಮುಳುಗಿಸಬಹುದು.

ಮುಳುಗಿಸಬಹುದು ಅಂದೆನಲ್ಲ, ಅಲ್ಲೇ ತೊಂದರೆ. ನೀರಿನ ಹನಿಯನ್ನು ಚಿಕ್ಕದು ಮಾಡಲಾಗದು. ಹನಿಯ ಗಾತ್ರ ತೀರ್ಮಾನವಾಗುವುದರಲ್ಲಿ ಮೇಲ್ಮೈ ಸೆಳೆತದ ಪಾಲು ದೊಡ್ಡದು. ಎದುರಿಗಿರುವುದು ಮಾದರಿ ಹಡಗೋ ನಿಜದ ಹಡಗೋ, ಅದಕ್ಕೆ ಎಲ್ಲ ಒಂದೇ. 25ರಲ್ಲೊಂದು ಅಳತೆಯ ಹಡಗಿಗೆ 5 ಮಿಲಿಮೀಟರಿನ ಹನಿ ಸಿಡಿದರೆ ತೆರೆಯ ಮೇಲೆ ಅದು ತೆಂಗಿನಕಾಯಿ ಗಾತ್ರದ ಹನಿ. ಬೆಂಕಿಯ ನಾಲಿಗೆಯದ್ದೂ ಇದೇ ಹಟ. ಅಗ್ಗದ ಚಿತ್ರಗಳಲ್ಲಿ ಪ್ರಳಯ ಬಂದಾಗಲೆಲ್ಲ ಬಕೆಟ್ ನೆನಪಾಗುವುದು ಇದಕ್ಕೇ.

ಇನ್ನು ಕಣ್ಣು. ನಮ್ಮ ಕಣ್ಣು ಒಂದು ಕಡೆ ನಿಲ್ಲುವುದೇ ಇಲ್ಲ, ಸೆಕೆಂಡಿಗೆ ಮೂರರಷ್ಟು ಸಲ ಚಂಗನೆ ಜಾಗ ಬದಲಿಸುತ್ತಿರುತ್ತದೆ. ಗೊಂಬೆಯ ಕಣ್ಣು ನಿಂತಲ್ಲೇ ನಿಲ್ಲುತ್ತದೆ. ಎರಡೂ ಪಾಪೆಗಳನ್ನು ಕಣ್ಣಿನ ನಟ್ಟನಡುವೆ ಬರೆದರೆ ಅದು ನಿಮ್ಮನ್ನು ದಾಟಿ ಎಲ್ಲೋ ದೂರ ನೋಡುತ್ತಿರುವಂತೆ ಕಾಣುತ್ತದೆ. ಪಾಪೆಗಳನ್ನು ಮೂಗಿನ ಕಡೆಗೆ ಕೂದಲೆಳೆಯಷ್ಟು ಸರಿಸಿದರೆ ಸಾಕು, ಹತ್ತಿರದ ಏನನ್ನೋ ದಿಟ್ಟಿಸುತ್ತದೆ. ಇದಕ್ಕೆ ಖರ್ಚು ಸೊನ್ನೆ, ಪರಿಣಾಮ ಭಯಂಕರ.

1970ರಲ್ಲಿ ಜಪಾನಿನ ರೋಬೋ ತಜ್ಞ ಮಸಾಹಿರೋ ಮೋರಿ ಒಂದು ಪುಟ್ಟ ಲೇಖನ ಬರೆದರು. ಯಂತ್ರ ಮನುಷ್ಯನನ್ನು ಹೋಲುತ್ತ ಹೋದಂತೆ ನಮಗೆ ಹತ್ತಿರವಾಗುತ್ತದೆ, ಆದರೆ ಪೂರ್ತಿ ಹೋಲುವುದಕ್ಕೆ ಸ್ವಲ್ಪ ಮೊದಲು ಥಟ್ಟನೆ ಅಸಹ್ಯ ಹುಟ್ಟಿಸುತ್ತದೆ ಎಂಬುದು ಅವರ ಊಹೆ. ಅದು ಅಲ್ಲಾಡಿದರೆ ಅಸಹ್ಯ ಇನ್ನೂ ಜಾಸ್ತಿ. ಆ ಲೇಖನದಲ್ಲಿ ಅವರು ಜಪಾನಿನದೇ ಬುನ್ರಾಕು ಗೊಂಬೆಯಾಟವನ್ನೂ ಎತ್ತಿಕೊಳ್ಳುತ್ತಾರೆ. ಹತ್ತಿರದಿಂದ ಅದು ಮನುಷ್ಯನಂತಿಲ್ಲ, ರಂಗದ ಮೇಲೆ ಕಣ್ಣು, ಕೈ ಆಡಿದಾಗ ಮಾತ್ರ ನಮ್ಮವರಲ್ಲೊಬ್ಬ ಅನಿಸುತ್ತದೆ. ಗೊಂಬೆಯನ್ನು ಮೂರು ಜನ ಆಡಿಸುವುದು ಕಣ್ಣೆದುರೇ ಕಾಣುತ್ತಿದ್ದರೂ!

ಅಗ್ಗದ ಭೂತಚಿತ್ರದವರಿಗೆ ಈ ಅಸಹ್ಯದ ಕಂದಕವೇ ಪುಕ್ಕಟೆ ಸಿಕ್ಕ ಬಂಡವಾಳ. ಇಲ್ಲಿ ಮುಂಬಯಿಯಲ್ಲಿ ಮರಾಠಿ ಬಲ್ಲ ಯಾರನ್ನಾದರೂ ಕೇಳಿ, ತಾತ್ಯಾ ವಿಂಚೂ ಎಂದರೆ ಮುಖ ಅರಳುತ್ತದೆ. 1993ರ 'ಝಪಾಟಲೇಲಾ' ಚಿತ್ರದ ಕೊಲೆಗಡುಕ ಗೊಂಬೆ ಅದು. ನಿರ್ದೇಶನ ಮಹೇಶ್ ಕೋಠಾರೆಯವರದು, ಗೊಂಬೆ ರಾಮದಾಸ್ ಪಾಧ್ಯೆ ಅವರದು. ಅವರು ಮಾತನಾಡುವ ಗೊಂಬೆಗಳ ಮನೆತನದವರು. ಸತ್ತ ಪಾತಕಿಯ ಜೀವ ಗೊಂಬೆಯೊಳಗೆ ಸೇರುತ್ತದೆ. ಇಲ್ಲಿ ಎಂಥ ಅನುಕೂಲ ನೋಡಿ: ಗೊಂಬೆಯ ಪಾತ್ರವನ್ನು ಗೊಂಬೆಯೇ ಮಾಡುತ್ತಿದೆ. ಅದು ಬಿರುಸಾಗಿ ತಿರುಗಿದರೆ ತಪ್ಪಲ್ಲ, ಕೆನ್ನೆ ಅಲ್ಲಾಡದಿದ್ದರೆ ತಪ್ಪಲ್ಲ. ಹಣವಿಲ್ಲದವರು ಗೊಂಬೆಗೆ ಹುಲಿಯ ವೇಷ ಹಾಕಲು ಹೋಗದೆ, ಗೊಂಬೆಯ ಹಾಗೇ ನಡೆಯುವ ದೆವ್ವವನ್ನು ಹುಡುಕಿಕೊಂಡರೆ ಅರ್ಧ ಗೆದ್ದಂತೆ.

ಮಾತನಾಡುವ ಗೊಂಬೆಯ ಗುಟ್ಟೂ ಮಿದುಳಿನದ್ದೇ. ದನಿ ಬರುವುದು ಆಡಿಸುವವರ ಗಂಟಲಿನಿಂದ, ನಮಗೆ ಕೇಳುವುದು ಗೊಂಬೆಯ ಬಾಯಿಂದ. ದಿಕ್ಕಿನ ವಿಷಯದಲ್ಲಿ ಮಿದುಳು ಕಿವಿಗಿಂತ ಕಣ್ಣನ್ನು ಹೆಚ್ಚು ನಂಬುತ್ತದೆ. 2004ರಲ್ಲಿ ಅಲೈಸ್ ಮತ್ತು ಬರ್ ಎಂಬ ಇಬ್ಬರು ತೆರೆಯ ಮೇಲಿನ ಬೆಳಕಿನ ಗುರುತನ್ನು ತೀರಾ ಮಸುಕು ಮಾಡಿ ನೋಡಿದಾಗ ಲೆಕ್ಕ ತಿರುಗುಮುರುಗಾಯಿತು, ಕಿವಿ ಗೆದ್ದಿತು. ಅಂದರೆ ಮಾತನಾಡುವ ಗೊಂಬೆಗೆ ಒಳ್ಳೆಯ ಬೆಳಕು ಬೇಕು. ಇನ್ನೊಂದು ತಕರಾರು ಪ, ಬ, ಮ. ಆಡಿಸುವವರು ತಮ್ಮ ತುಟಿ ಅಲ್ಲಾಡಿಸದೆ ಮಾತನಾಡಬೇಕು, ತುಟಿ ಮುಚ್ಚದೆ ಈ ಅಕ್ಷರಗಳು ಹೊರಡವು. ಕನ್ನಡದ ದೆವ್ವಕ್ಕೆ 'ಅಪ್ಪ' 'ಅಮ್ಮ' ಎಂದು ಕೂಗುವ ಸಂಭಾಷಣೆ ಬರೆಯುವವರು ಆಡಿಸುವವರ ಮೇಲೆ ಸ್ವಲ್ಪ ಕರುಣೆ ತೋರಬೇಕು.

ಚರ್ಮದ ಕಥೆ ಬೇರೆಯೇ. ಮನುಷ್ಯನ ಚರ್ಮಕ್ಕೆ ಬಿದ್ದ ಬೆಳಕು ಸ್ವಲ್ಪ ಒಳಗೆ ಹೋಗಿ, ಚೆದುರಿ, ಕೆಂಪಾಗಿ ಹೊರಬರುತ್ತದೆ. ಟಾರ್ಚನ್ನು ಬೆರಳಿಗೆ ಒತ್ತಿ ಹಿಡಿದರೆ ಕಾಣುತ್ತದಲ್ಲ, ಅದೇ. ಬಣ್ಣ ಬಳಿದ ರಬ್ಬರಿನಲ್ಲಿ ಬೆಳಕು ಮೇಲಿನಿಂದಲೇ ವಾಪಸು ಬರುತ್ತದೆ, ಅದಕ್ಕೇ ಹೆಣದ ಕಳೆ. ಸಿಲಿಕೋನ್ ಇದಕ್ಕಿಂತ ಎಷ್ಟೋ ಮೇಲು, ಬೆಲೆಯೂ ಹಾಗೇ. ಬಡವರ ಉಪಾಯ ಎಂದರೆ ಒದ್ದೆ ಮಾಡುವುದು. ಗ್ಲಿಸರಿನ್ ಅಥವಾ ಮೀಥೈಲ್ ಸೆಲ್ಯುಲೋಸಿನ ಲೋಳೆ ಸವರಿದರೆ ಮೇಲೆಲ್ಲ ಹೊಳಪು ಓಡಾಡುತ್ತದೆ, ಕಣ್ಣು ಅದನ್ನೇ ನೋಡುತ್ತ ಉಳಿದದ್ದನ್ನು ಮರೆಯುತ್ತದೆ. ಅನ್ಯಗ್ರಹದವರೆಲ್ಲ ಯಾಕೆ ಜೊಲ್ಲು ಸುರಿಸುತ್ತಾರೆ ಎಂದು ಕೇಳುವವರಿಗೆ ಇದು ಉತ್ತರ.

ರಾಕ್ಷಸರ ಚರ್ಮವಾಗುವ ಲೇಟೆಕ್ಸ್, ಸುಳ್ಯ ಪುತ್ತೂರಿನ ತೋಟಗಳಲ್ಲಿ ಚಿಪ್ಪಿಗೆ ಇಳಿಯುತ್ತದಲ್ಲ, ಅದೇ ರಬ್ಬರ್ ಹಾಲು. ಹೆಪ್ಪುಗಟ್ಟದಿರಲೆಂದು ಅಮೋನಿಯಾ ಬೆರೆಸಿರುತ್ತಾರೆ, ಡಬ್ಬ ತೆರೆದರೆ ಮೂಗು ಉರಿಯುತ್ತದೆ. ಅದು ಗಟ್ಟಿಯಾಗಬೇಕಾದರೆ ನೀರು ಆರಬೇಕು. ಮುಂಬಯಿಯ ಜುಲೈ ತಿಂಗಳಲ್ಲಿ ನೀರು ಆರುವುದೆಂದರೇನು! ಬಟ್ಟೆಯೇ ಒಣಗುವುದಿಲ್ಲ, ಇನ್ನು ರಾಕ್ಷಸ ಒಣಗುತ್ತಾನೆಯೇ. ಡೊಂಬಿವಲಿಯ ಕಡೆ ಒಂದು ಕನ್ನಡ ಸಂಘದ ಮಕ್ಕಳ ನಾಟಕಕ್ಕೆ ಮಳೆಗಾಲದಲ್ಲೇ ಮಂಗಳ ಗ್ರಹದವನ ಗೊಂಬೆ ಮಾಡುತ್ತಿದ್ದರು. ರಬ್ಬರಿನ ಸಹವಾಸವೇ ಬೇಡವೆಂದು ಥರ್ಮೋಕೋಲ್ ತಲೆ ಕೆತ್ತಿದರು. ಚೆನ್ನಾಗಿಯೇ ಬಂದಿತ್ತು. ಹುಡುಗನೊಬ್ಬ ಕಿವಿ ಅಂಟಿಸಲು ಚಪ್ಪಲಿಗೆ ಹಾಕುವ ಹಳದಿ ಗಮ್ ತಂದ. ಎರಡು ನಿಮಿಷಕ್ಕೆ ಕೂಗಿದ: "ಅಣ್ಣಾ, ತಲೆ ಕರಗ್ತಾ ಇದೆ!" ಆ ಗಮ್ಮಿನಲ್ಲಿರುವ ದ್ರಾವಕಗಳು ಥರ್ಮೋಕೋಲಿನ ಪಾಲಿಸ್ಟೈರೀನನ್ನು ಕರಗಿಸುತ್ತವೆ. ಒಳಗೆ ಬಹುಪಾಲು ಗಾಳಿಯೇ ಆದ್ದರಿಂದ ಇಡೀ ಕೆನ್ನೆ ಚಿಟಿಕೆಯಷ್ಟು ಅಂಟಾಗಿ ಕುಸಿಯಿತು. ನೀರಿನಲ್ಲಿ ಕಲಸಿದ ಬಿಳಿ ಫೆವಿಕಾಲ್ ಹಾಕಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಕುಸಿದ ಕೆನ್ನೆ ಎಷ್ಟು ವಿಕಾರವಾಗಿತ್ತೆಂದರೆ, ಹಾಗೇ ಹಸಿರು ಬಣ್ಣ ಹೊಡೆದು ನಾಟಕಕ್ಕೆ ಇಳಿಸಿದರು.

ಅದರ ದವಡೆ ಆಡಿಸಲು ಸೈಕಲ್ಲಿನ ಬ್ರೇಕ್ ಕೇಬಲ್. ಸಿನಿಮಾದ ದುಬಾರಿ ಗೊಂಬೆಗಳಲ್ಲೂ ಮುಖ ಆಡಿಸಲು ಇಂಥ ಕೇಬಲ್‌ಗಳೇ ಇರುತ್ತವೆ. ಕೇಬಲ್ಲಿಗೆ ಒಂದು ವಿಚಿತ್ರ ಗುಣವಿದೆ. ಅದು ಎಷ್ಟು ಚೂಪಾಗಿ ಬಾಗಿದೆ ಎಂಬುದು ಅಷ್ಟು ಮುಖ್ಯವಲ್ಲ, ಒಟ್ಟು ಎಷ್ಟು ಡಿಗ್ರಿ ತಿರುಗಿದೆ ಎಂಬುದು ಮುಖ್ಯ. ಘರ್ಷಣೆಯ ಗುಣಾಂಕ 0.15 ಇದ್ದರೆ, ಒಂದು ಪೂರ್ತಿ ಸುತ್ತು ತಿರುಗಿದ ಕೇಬಲ್ಲನ್ನು ಎಳೆಯಲು ಎರಡೂವರೆ ಪಟ್ಟು ಬಲ ಬೇಕು. ಎರಡು ಸುತ್ತಾದರೆ ಆರೂವರೆ ಪಟ್ಟು. ದವಡೆ ಮೊದಲು ಮೊಂಡು ಹಿಡಿದು, ಆಮೇಲೆ ಟಪ್ಪೆಂದು ಬಾಯಿಬಿಡುವುದು ಇದರಿಂದಲೇ. ಲ್ಯಾಮಿಂಗ್ಟನ್ ರೋಡಿನಲ್ಲಿ ಸಿಗುವ 9 ಗ್ರಾಮಿನ ನೀಲಿ ಸರ್ವೋ ಮೋಟರ್ ಹಾಕಿದರೆ ಈ ಕಾಟವಿಲ್ಲ. ಆದರೆ ಅದು ಕಿರ್ ಎನ್ನುತ್ತದೆ, ದೆವ್ವ ಉಸಿರು ಬಿಗಿಹಿಡಿದ ಜಾಗದಲ್ಲೇ.

ಕೊನೆಯ ಆಸರೆ ಕತ್ತಲು. ತೀರಾ ಮಂದ ಬೆಳಕಿನಲ್ಲಿ ಕೆಲಸ ಮಾಡುವ ದಂಡಕೋಶಗಳು ಅಕ್ಷಿಪಟದ ನಟ್ಟನಡುವೆ ಇಲ್ಲವೇ ಇಲ್ಲ. ಹಾಗಾಗಿ ಕತ್ತಲಲ್ಲಿ ಏನನ್ನಾದರೂ ನೇರವಾಗಿ ದಿಟ್ಟಿಸಿದರೆ ಅದು ಮಾಯವಾಗುತ್ತದೆ, ಓರೆಗಣ್ಣಿಗೆ ಮಾತ್ರ ಇದೆ ಅನಿಸುತ್ತದೆ. ದೆವ್ವಕ್ಕೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಇನ್ನೇನು ಬೇಕು. ಹಣವಿದ್ದವರೂ ಇದನ್ನು ಕಲಿತದ್ದು ಗತಿಯಿಲ್ಲದಾಗಲೇ. 'ಜಾಸ್' ಚಿತ್ರದ ಯಾಂತ್ರಿಕ ಶಾರ್ಕ್ 1974ರ ಚಿತ್ರೀಕರಣದಲ್ಲಿ ಸಮುದ್ರದ ಉಪ್ಪುನೀರಿಗೆ ಮತ್ತೆ ಮತ್ತೆ ಕೆಟ್ಟು ಕೂತಿತು. ಚಿತ್ರದ ಬಹುಭಾಗ ಶಾರ್ಕನ್ನು ಪೂರ್ತಿ ತೋರಿಸದೆ ನೀರು, ಪೀಪಾಯಿ, ಸಂಗೀತದಲ್ಲೇ ಕಾಲ ತಳ್ಳಿದರು. ಜನ ಹೆದರಿದ್ದು ಅದಕ್ಕೇ.

ಈಗಿನ ಧಾರಾವಾಹಿಗಳ ಅಗ್ಗದ ಕಂಪ್ಯೂಟರ್ ದೆವ್ವಗಳನ್ನು ನೋಡಿದರೆ ನನಗೆ ಆ ಕರಗಿದ ಕೆನ್ನೆಯ ಮಂಗಳವಾಸಿಯೇ ವಾಸಿ ಅನಿಸುತ್ತದೆ. ಕಂಪ್ಯೂಟರ್ ದೆವ್ವಕ್ಕೂ ತೂಕವಿಲ್ಲ, ನೆರಳು ಕಾಲಿಗೆ ಅಂಟುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಎದುರು ನಿಂತ ನಟರು ಖಾಲಿ ಗೋಡೆ ನೋಡಿ ಕಿರುಚುತ್ತಿರುತ್ತಾರೆ. ಗೊಂಬೆ ಎಷ್ಟೇ ಕಳಪೆಯಾಗಿರಲಿ, ನಟರ ಕಣ್ಣಿಗೆ ನಿಲ್ಲಲು ಒಂದು ಜಾಗ ಕೊಡುತ್ತದೆ. ಇದು ದೊಡ್ಡ ಸ್ಟುಡಿಯೋಗಳಿಗೂ ಗೊತ್ತು. ಕೋಟಿಗಟ್ಟಲೆ ಸುರಿದು ಕಂಪ್ಯೂಟರಿನಲ್ಲಿ ಪ್ರಾಣಿ ಮಾಡುವಾಗಲೂ ಚಿತ್ರೀಕರಣದ ದಿನ ಒಬ್ಬರು ಉದ್ದ ಕೋಲಿನ ತುದಿಗೆ ಟೆನಿಸ್ ಚೆಂಡು ಸಿಕ್ಕಿಸಿ ನಟರ ಮುಂದೆ ಆಡಿಸುತ್ತಿರುತ್ತಾರೆ.